ಅನಂತರಾಜುವಿನ ಹೆಬ್ಬೆರಳು

ಅನಂತರಾಜುವಿಗೆ ಬೆರಳೇ ಇಲ್ಲವೆಂದು ಯಂತ್ರ ತೀರ್ಪು ಕೊಟ್ಟ ದಿನ ಅವನ ಎರಡೂ ಕೈಗಳಲ್ಲಿ ಹತ್ತಕ್ಕೆ ಹತ್ತು ಬೆರಳೂ ನೆಟ್ಟಗಿದ್ದವು. ಅಂದು ಬೆಳಿಗ್ಗೆಯಷ್ಟೇ ಅವುಗಳಲ್ಲಿ ಐದನ್ನು ಬಳಸಿ ಅವನು ನನ್ನ ಅಂಗಡಿಯ ಮುಂದೆ ನಿಂತು ಇಡ್ಲಿ ತಿಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನನ್ನದು ಚನ್ನಪಟ್ಟಣದಲ್ಲಿ ಗೊಂಬೆ ತಯಾರಕರ ಸಹಕಾರ ಸಂಘದ ಎದುರಿಗಿರುವ ಜೆರಾಕ್ಸ್ ಅಂಗಡಿ. ಬೀದಿಯವರ ಗುಟ್ಟುಗಳೆಲ್ಲ ನನ್ನ ಕೈಯಲ್ಲಿ ಎರಡೆರಡು ಪ್ರತಿಯಾಗಿ ಹಾದುಹೋಗುತ್ತವೆ. ಆದ್ದರಿಂದ ಈ ವಿಷಯದಲ್ಲಿ ನನ್ನ ಮಾತನ್ನು ಧಾರಾಳವಾಗಿ ನಂಬಬಹುದು.

ಅನಂತರಾಜು ಲೇತ್ ಕೆಲಸದವನು. ತಿರುಗುವ ಮರದ ತುಂಡಿಗೆ ಉಳಿ ಹಿಡಿದು ಆಕಾರ ಕೊಡುವುದು, ಪಾಲಿಷ್ ಕಾಗದ ಒತ್ತಿ ನುಣುಪು ಮಾಡುವುದು, ಬಣ್ಣದ ಅರಗಿನ ಕಡ್ಡಿ ತಾಗಿಸಿ ಹೊಳಪು ತರುವುದು, ಮೀಸೆ ಬಂದಾಗಿನಿಂದ ಇದೇ ಅವನ ಬಾಳು. ಅವನು ಮಾಡಿದ ಬುಗುರಿಗಳು ಯಾವ ಯಾವ ದೇಶಕ್ಕೋ ಹೋಗಿ ತಿರುಗುತ್ತವೆ, ಅವನು ಮಾತ್ರ ಕೂತಲ್ಲೇ ಕೂತಿರುತ್ತಾನೆ. ಮನೆಯಲ್ಲಿ ಅವನ ಮಾತು ನಡೆಯುವುದಿಲ್ಲ. ಬೀದಿಯಲ್ಲಿ ಅವನು ಮಾತು ಶುರು ಮಾಡಿದರೆ ಜನಕ್ಕೆ ಮನೆಯ ಕೆಲಸ ನೆನಪಾಗುತ್ತದೆ. ಆದರೆ ಐದು ವರ್ಷಕ್ಕೊಮ್ಮೆ ಸಂಘದ ಚುನಾವಣೆ ಬಂತೆಂದರೆ ಇಸ್ತ್ರಿ ಅಂಗಿಯ ದೊಡ್ಡ ಮನುಷ್ಯರು ಬಂದು, ಅವನ ಜಗಲಿಯ ಧೂಳಿನಲ್ಲೇ ಕೂತು, "ಅನಂತರಾಜಣ್ಣ, ನಿಮ್ಮ ಆಶೀರ್ವಾದ ಬೇಕು" ಎನ್ನುತ್ತಾರೆ. ಆ ದಿನಗಳಲ್ಲಿ ಅವನ ಅಂಗಿಯ ಗುಂಡಿ ಹಾಕಲು ಬರುವುದಿಲ್ಲ, ಎದೆ ಅಷ್ಟು ಉಬ್ಬಿರುತ್ತದೆ. ಪ್ರತಿ ಸಲವೂ ಸಂಘದ ಮೊದಲನೇ ಓಟು ಅವನದೇ. ಅವನ ಇಡೀ ಆಸ್ತಿ ಎಂದರೆ ಆ ಒಂದು ಓಟು.

ಈ ಸಲದ ಓಟಿನಲ್ಲಿ ಮರ್ಯಾದೆಯ ಜೊತೆಗೆ ಹೊಟ್ಟೆಯ ಪ್ರಶ್ನೆಯೂ ಇತ್ತು. ಗೊಂಬೆಗೆ ಬೇಕಾದ ಆಲೆ ಮರವನ್ನು ಸಂಘ ತನ್ನ ಗೋಡೌನಿನಲ್ಲಿ ತಂದಿಟ್ಟು ಸದಸ್ಯರಿಗೆ ಮಿತವಾದ ಬೆಲೆಗೆ ಕೊಡುತ್ತದೆ. ಆ ಗೋಡೌನು ಹೈವೇಗೆ ಮುಖ ಮಾಡಿಕೊಂಡಿದೆ. ಅಧ್ಯಕ್ಷ ಅಶ್ವಥ್ ಅದನ್ನು ಖಾಲಿ ಮಾಡಿಸಿ ಹೋಟೆಲಿನವರಿಗೆ ಬಾಡಿಗೆಗೆ ಕೊಡಲು ಹೊರಟಿದ್ದ. ಎದುರಾಳಿ ದೇವರಾಜ್ ಕೊಡಕೂಡದು ಎಂದು ನಿಂತಿದ್ದ. ಇಬ್ಬರೂ ಗೊಂಬೆ ವ್ಯಾಪಾರಿಗಳು. ಗೋಡೌನು ಹೋದರೆ ಅನಂತರಾಜುವಿನಂಥವರು ಮರಕ್ಕಾಗಿ ಊರೂರು ಅಲೆಯಬೇಕು, ಅಲೆಯಲಾಗದವರು ಲೇತ್ ಮುಚ್ಚಬೇಕು.

ಇದರ ನಡುವೆ ಹೊಸ ನಿಯಮ ಬಂತು. ಹೋದ ಚುನಾವಣೆಯಲ್ಲಿ ತೀರಿಹೋದ ಸದಸ್ಯರು ಕೂಡ ಬಂದು ಓಟು ಹಾಕಿ ಹೋಗಿದ್ದರು. ಅವರಲ್ಲಿ ಒಬ್ಬರು ಉತ್ಸಾಹ ತಡೆಯಲಾರದೆ ಎರಡು ಸಲ ಹಾಕಿದ್ದರು. ಆದ್ದರಿಂದ ಈ ಸಲ ಯಂತ್ರಕ್ಕೆ ಬೆರಳು ಕೊಟ್ಟು ನೋಂದಾಯಿಸಿಕೊಂಡವರಿಗೆ ಮಾತ್ರ ಓಟು ಎಂದು ಸಾಮಾನ್ಯ ಸಭೆ ಠರಾವು ಮಾಡಿತು. ಠರಾವಿಗೆ ಎಲ್ಲರಿಗಿಂತ ಎತ್ತರಕ್ಕೆ ಕೈ ಎತ್ತಿದವನು ಅನಂತರಾಜುವೇ.

ನೋಂದಣಿಯ ಮೊದಲ ದಿನ ಅವನು ಸಾಲಿನ ತಲೆಯಲ್ಲಿ ನಿಂತಿದ್ದ. ಹಿಂದಿನವರಿಗೆಲ್ಲ ಹೆಬ್ಬೆರಳನ್ನು ಹೇಗೆ ಇಡಬೇಕು, ಎಷ್ಟು ಒತ್ತಬೇಕು, ಉಸಿರು ಯಾವಾಗ ಬಿಡಬೇಕು ಎಂದು ಪಾಠ ಮಾಡಿದ. ಹಾಗೆ ನೋಡಿದರೆ, ಯಾವುದೋ ಕಾಲದಲ್ಲಿ ಆಧಾರ್ ಕಾರ್ಡಿಗೆ ಬೆರಳೊತ್ತಿದ್ದು ಬಿಟ್ಟರೆ, ಅವನು ಅಂಥ ಯಂತ್ರವನ್ನು ಮುಟ್ಟಿಯೂ ಇರಲಿಲ್ಲ. ರೇಷನ್ ಅಂಗಡಿಯಲ್ಲಿ ಬೆರಳು ಕೊಟ್ಟು ಅಕ್ಕಿ ತರುವವಳು ಅವನ ಹೆಂಡತಿ ಪ್ರತಿಮಾ. ಒಬ್ಬೊಬ್ಬರನ್ನೇ ಒಳಕೋಣೆಗೆ ಬಿಡುತ್ತಿದ್ದರು. ಅಲ್ಲಿ ಕಂಪ್ಯೂಟರಿನ ಮುಂದೆ ಮನು ಎಂಬ ಆಪರೇಟರ್ ಕೂತಿದ್ದ.

"ಒಸಿ ಒತ್ತಿ ಅಂಕಲ್."

"ಒತ್ತಿವ್ನಿ ಕಣಪ್ಪ."

"ಇನ್ನೊಂದು ಬೆರಳು ಕೊಡಿ. ಅದೂ ಬ್ಯಾಡ, ಪಕ್ಕದ್ದು. ಈಗ ಎಡಗೈದು." ಹತ್ತೂ ಮುಗಿದ ಮೇಲೆ ಮನು ಕುರ್ಚಿಗೆ ಒರಗಿದ. "ಅಂಕಲ್, ನಿಮಗೆ ಬೆರಳಿಲ್ಲ."

"ಇವೇನ್ಲಾ ಮತ್ತೆ, ಬೆಂಡೇಕಾಯಾ?"

"ಬೆರಳೈತೆ, ಬೆರಳಿನ ಮೇಲೆ ಗೆರೆ ಇಲ್ಲ. ಸವ್ದೋಗೈತೆ. ಒಸಿ ದಿನ ಕೆಲ್ಸ ಬುಟ್ಟು ಕೈಗೆ ರೆಸ್ಟ್ ಕೊಡಿ, ಹೊಸ ಚರ್ಮ ಬಂದ್ರೆ ಗೆರೆನೂ ಬತ್ತದೆ. ಬರೋ ಶನಿವಾರ ಸಾಯಂಕಾಲ ಲಾಸ್ಟು. ಆಮೇಲೆ ಓಟಿಲ್ಲ."

ಅನಂತರಾಜು ಹೊರಗೆ ಬಂದಾಗ ಸಾಲಿಗೆ ಸಾಲೇ ಅವನ ಮುಖ ನೋಡುತ್ತಿತ್ತು. ಅವನ ಹಿಂದೆ ನಿಂತಿದ್ದವನು ಪಕ್ಕದ ಮನೆಯ ಶರೀಫ್, ಅವನೂ ಲೇತಿನವನೇ, ಚಿಕ್ಕಂದಿನ ಗೆಳೆಯ.

"ಏನಾಯ್ತ್ಲಾ?" ಎಂದ ಶರೀಫ್.

"ಆಗದೇನು? ಒಂದೇ ಏಟ್ಗೆ ಬಂತು. ನನ್ ಬೆರಳ್ ನೋಡಿ ಮಿಷನ್ನೇ ಬೆಚ್ಚಿಬಿತ್ತು" ಎಂದು ಅನಂತರಾಜು ಕೈಗಳನ್ನು ಪ್ಯಾಂಟಿನ ಜೇಬಿಗೆ ಇಳಿಸಿಕೊಂಡು ನಡೆದ.

ಶರೀಫ್ ಒಳಗೆ ಹೋಗಿ ಬಂದು "ಫಸ್ಟ್ ಕ್ಲಾಸ್" ಎಂದ. ಅವನ ಕೈಗಳೂ ಜೇಬಿನಲ್ಲಿದ್ದವು. ಅಂದು ಲೇತಿನವರೆಲ್ಲ ಹಾಗೆಯೇ ಜೇಬಿನಲ್ಲಿ ಕೈ ಇಟ್ಟುಕೊಂಡು, ಬಹಳ ಖುಷಿಯಾದವರಂತೆ, ಬೇಗ ಬೇಗ ಮನೆ ಸೇರಿದರು. ಚಳಿಗಾಲವಲ್ಲ, ಏಪ್ರಿಲ್ ತಿಂಗಳು. ನಾನು ಆಗಲೇ ಅನುಮಾನ ಪಡಬೇಕಿತ್ತು.

ನಿಜವನ್ನು ಅನಂತರಾಜು ಹೇಳಿದ್ದು ಹೆಂಡತಿಗೆ ಮಾತ್ರ. ಪ್ರತಿಮಾ ಗಂಡನ ಬೆರಳನ್ನು ಬೆಳಕಿಗೆ ಹಿಡಿದು ನೋಡಿದಳು. ಮಗುವಿನ ಕೆನ್ನೆಯ ಹಾಗೆ ನುಣ್ಣಗಿತ್ತು.

"ಇಷ್ಟು ವರ್ಷ ಮರ ಉಜ್ತೀನಿ ಅಂದ್ಕಂಡು ನಿಮ್ಮನ್ನೇ ಉಜ್ಕಂಡಿದೀರಲ್ರೀ" ಎಂದಳು.

ಅವಳು ಫೋನು ಮಾಡಿದ್ದೇ ತಡ, ಮಾಗಡಿ ಕಡೆಯ ಕಲ್ಯ ಎಂಬ ಹಳ್ಳಿಯಿಂದ ಅವಳ ತಾಯಿ ಮುನಿಯಮ್ಮ ಒಂದು ಡಬ್ಬಿ ಬೆಣ್ಣೆಯೊಂದಿಗೆ ಬಸ್ಸಿಳಿದಳು. ಹಸುವಿನ ಕೆಚ್ಚಲು ಒಡೆದಾಗ ಬೆಣ್ಣೆ ಹಚ್ಚಿ ವಾಸಿ ಮಾಡಿದ ಅನುಭವ ಆಕೆಗಿತ್ತು. ಅಳಿಯನ ವಿಷಯದಲ್ಲೂ ಅದೇ ಕ್ರಮ ಅನುಸರಿಸಿದಳು. ಹತ್ತು ಬೆರಳಿಗೂ ಬೆಣ್ಣೆ ಮೆತ್ತಿ, ಹಳೆಯ ಪಂಚೆ ಹರಿದು ಸುತ್ತಿ, ಮೊಣಕೈಯವರೆಗೆ ಕಟ್ಟು ಹಾಕಿದಳು. "ಏನೂ ಮುಟ್ಬ್ಯಾಡಿ ಅಳೀಮಯ್ಯಾ. ನೊಣ ಕೂತ್ರೂ ಬಾಯಲ್ಲೇ ಓಡ್ಸಿ."

ಮದುವೆಯಾದ ದಿನ ಒಂದು ತುತ್ತು ತಿನ್ನಿಸಿದ್ದ ಪ್ರತಿಮಾ ಈಗ ಮೂರು ಹೊತ್ತೂ ತಿನ್ನಿಸಬೇಕಾಯಿತು. ಜಗಲಿಯ ಮೇಲೆ ಕೈಗಳೆರಡನ್ನೂ ದಿಂಬಿನ ಮೇಲಿಟ್ಟುಕೊಂಡು ಕೂತ ಗಂಡನ ಬಾಯಿಗೆ ಮುದ್ದೆ ಮುರಿದು ಇಡುವುದನ್ನು ಬೀದಿಯೆಲ್ಲ ನಿಂತು ನೋಡಿತು. ಕೇಳಿದವರಿಗೆ ಅನಂತರಾಜು ಅರಗು ಸಿಡಿದು ಸುಟ್ಟಿತು ಎಂದ. ಬೇರೆ ಬೀದಿಯಲ್ಲಾಗಿದ್ದರೆ ಆ ಸುಳ್ಳು ಸಲೀಸಾಗಿ ನಡೆಯುತ್ತಿತ್ತು. ಇಲ್ಲಿ ಮನೆಗೊಂದು ಲೇತ್ ಇದೆ.

"ಹತ್ತು ಬೆರಳೂ ಸುಟ್ಟೈತಾ?" ಶರೀಫ್ ಜಗಲಿಯ ಮೇಲೆ ಕುಕ್ಕರಿಸಿದ. "ಅರಗ್ನಾಗೆ ಕೈ ತೊಳ್ಕಂಡ್ಯೇನ್ಲಾ? ನಿಜ ಹೇಳು, ಯಾರ್ ಮಾಡಿದ್ದು?"

ಅನಂತರಾಜು ತಲೆ ತಗ್ಗಿಸಿದ. ತಗ್ಗಿಸಿದ್ದು ನಾಚಿಕೆಯಿಂದ. ಶರೀಫ್ ಅದನ್ನು ಹೆದರಿಕೆ ಎಂದುಕೊಂಡ. ಎದ್ದವನು ನೇರವಾಗಿ ದೇವರಾಜನ ಅಂಗಡಿಗೆ ಹೋದ.

ಅರ್ಧ ಗಂಟೆಯೊಳಗೆ ದೇವರಾಜ್ ಹಿಂಡು ಜನರೊಂದಿಗೆ ಬಂದಿಳಿದ. ಜಗಲಿಯ ಕೆಳಗೆ ನಿಂತು, ಕಟ್ಟು ಹಾಕಿದ ಕೈಗಳಿಗೆ ನಮಸ್ಕಾರ ಮಾಡಿದ.

"ಅಣ್ಣಾ, ಯಾರು ಅಂತ ನೀವು ಹೇಳದೇ ಬ್ಯಾಡ. ನಮಗೆ ಗೊತ್ತೈತೆ."

"ಯಾರೂ ಏನೂ ಮಾಡಿಲ್ಲ ದೇವರಾಜಪ್ಪ."

"ನೋಡುದ್ರಾ!" ದೇವರಾಜ್ ಜನರ ಕಡೆ ತಿರುಗಿದ. "ಬಾಯಿ ಬಿಡದಂಗೆ ಹೆದರ್ಸವ್ರೆ!"

"ನಾನೇ ಸುಟ್ಕಂಡೆ ಕಣಪ್ಪಾ!"

"ಅಯ್ಯೋ, ಹಂಗನ್ನು ಅಂತ ಹೇಳ್ಕೊಟ್ಟವ್ರೆ!"

ಅನಂತರಾಜು ಬಾಯಿ ತೆರೆದರೆ ಒಂದು ಸಾಕ್ಷಿ, ಮುಚ್ಚಿದರೆ ಇನ್ನೊಂದು ಸಾಕ್ಷಿ ಎಂಬ ಪರಿಸ್ಥಿತಿಯಾಯಿತು. ದೇವರಾಜನ ಕಡೆಯವರು ಫೋಟೋ ತೆಗೆದರು. ಸಂಜೆಗೆ ಅದು ಎಲ್ಲರ ವಾಟ್ಸಾಪಿಗೆ ಬಂತು. ಬೆಳಗಾದರೆ "ಕುಶಲಕರ್ಮಿಯ ಕೈ ಸುಟ್ಟವರು ಯಾರು?" ಎಂಬ ಕರಪತ್ರ ಊರೆಲ್ಲ ಹಾರಾಡಿತು. ಜೆರಾಕ್ಸ್ ಮಾಡಿದವನು ನಾನೇ. ವ್ಯಾಪಾರದಲ್ಲಿ ನಾನು ಪಕ್ಷ ನೋಡುವುದಿಲ್ಲ.

ಮಧ್ಯಾಹ್ನಕ್ಕೆ ಅಶ್ವಥ್ ಕಿತ್ತಳೆ ಹಣ್ಣಿನ ಚೀಲ ಹಿಡಿದು ಬಂದ. ಹಣ್ಣು ಕೈಯಲ್ಲಿತ್ತು, ಕೆಂಡ ಕಣ್ಣಿನಲ್ಲಿತ್ತು.

"ಅನಂತರಾಜಣ್ಣ, ನಾನು ನಿಮ್ ಕೈ ಸುಟ್ನಾ?"

"ಛೇ ಛೇ, ಇಲ್ಲ ಅಶ್ವಥಪ್ಪ."

"ಹಂಗಂತ ಬರ್ಕೊಡಿ."

"ಕೈ ಕಟ್ಟೈತಲ್ಲಪ್ಪ, ಹೆಂಗ್ ಬರೀಲಿ?"

"ನಾನು ಬರೀತೀನಿ, ನೀವು ಹೆಬ್ಬೆಟ್ಟು ಒತ್ತಿ."

ಹೆಬ್ಬೆಟ್ಟು ಎಂಬ ಮಾತು ಕಿವಿಗೆ ಬಿದ್ದದ್ದೇ ಅನಂತರಾಜುವಿನ ಹಣೆಯಲ್ಲಿ ಬೆವರು ಕಿತ್ತುಕೊಂಡಿತು. ಒರೆಸಿಕೊಳ್ಳಲು ಕೈಯಿಲ್ಲ. ಒಳಗಿನಿಂದ ಮುನಿಯಮ್ಮ ಓಡಿಬಂದು ಸೆರಗಿನಿಂದ ಒರೆಸಿ, "ಹೆಬ್ಬೆಟ್ಟು ಗಿಬ್ಬೆಟ್ಟು ಏನೂ ಇಲ್ಲ, ಹೋಗಪ್ಪ" ಎಂದಳು. ಅಶ್ವಥ್ ಎದ್ದ. ಹಣ್ಣಿನ ಚೀಲವನ್ನೂ ವಾಪಸ್ಸು ಎತ್ತಿಕೊಂಡ. "ನಾನೂ ಪೊಲೀಸ್ ಸ್ಟೇಷನ್ನಿಗೆ ಹೋಗ್ಬತ್ತೀನಿ, ನೋಡೇಬುಡಾನ" ಎಂದು ಹೋದ.

ಮಾರನೆಯ ದಿನ ಹೆಡ್ ಕಾನ್‌ಸ್ಟೇಬಲ್ ಹನುಮಂತಯ್ಯ ಬಂದರು. ನಿವೃತ್ತಿಯ ಅಂಚಿನಲ್ಲಿದ್ದ ಅವರಿಗೆ ಯಾವ ಕೇಸೂ ಬೇಕಿರಲಿಲ್ಲ. ಜಗಲಿಯ ಮೇಲೆ ಕೂತು, ನೀರು ಕುಡಿದು, ಬಹಳ ಮೃದುವಾಗಿ ಹೇಳಿದರು:

"ಎರಡೂ ಕಡೆಯೋರು ಕಂಪ್ಲೇಂಟ್ ಕೊಟ್ಟವ್ರೆ ಕಣಯ್ಯ. ಶನಿವಾರ ಸಂಘದ ಮುಂದೆ ಎಲ್ರ ಎದುರಿಗೆ ಕಟ್ಟು ಬಿಚ್ಚಿಸ್ತೀವಿ. ಸುಟ್ಟಿದ್ರೆ ಅಶ್ವಥನ ಮೇಲೆ ಕೇಸು. ಸುಟ್ಟಿಲ್ದಿದ್ರೆ ನಿನ್ ಮೇಲೆ. ಅಷ್ಟೇಯ."

ಅವರು ಹೋದ ಮೇಲೆ ಮುನಿಯಮ್ಮ ಅರಗಿನ ಕಡ್ಡಿಯ ಕಡೆ ನೋಡಿದಳು.

"ಅಳೀಮಯ್ಯಾ, ಒಸಿ ಸುಟ್ಬುಡಾನಾ?"

"ಅವ್ವಾ!" ಎಂದು ಪ್ರತಿಮಾ ಕೂಗಿದಳು.

"ಜಾಸ್ತಿ ಅಲ್ಲ ಕಣೇ. ಒಸಿ. ಜೈಲಿಗಿಂತ ವಾಸಿ ಅಲ್ವಾ?"

ಅನಂತರಾಜು ಎದ್ದು ಲೇತಿನ ಮುಂದೆ ಹೋಗಿ ಕೂತ. ಪ್ರತಿಮಾ ಕಟ್ಟು ಬಿಚ್ಚಿದಳು. ಅಷ್ಟು ದಿನದ ಬೆಣ್ಣೆಯ ಕೆಳಗೆ, ಹೆಬ್ಬೆರಳಿನ ನಡುವೆ, ಕೂದಲೆಳೆಯಷ್ಟು ಸಣ್ಣ ಗೆರೆಗಳು ಮೂಡತೊಡಗಿದ್ದವು. ಅವನು ಬೆರಳನ್ನು ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದ. ಸುಟ್ಟುಕೊಂಡರೆ ಪೊಲೀಸರಿಂದ ಬಚಾವು, ಓಟು ಹೋಯಿತು. ಸುಟ್ಟುಕೊಳ್ಳದಿದ್ದರೆ ಓಟು ಸಿಕ್ಕೀತು, ಆದರೆ ಊರ ಮುಂದೆ ಸುಳ್ಳುಗಾರನೆಂದು ಹೆಸರಾಗಿ ಮೇಲೊಂದು ಕೇಸು. ಮುನಿಯಮ್ಮ ಅರಗಿನ ಕಡ್ಡಿಯನ್ನು ದೀಪಕ್ಕೆ ಹಿಡಿದು ಸಿದ್ಧವಾಗಿ ನಿಂತಿದ್ದಳು. ಕೆಂಪು ಅರಗು ತುದಿಯಲ್ಲಿ ಉಬ್ಬಿ ತೊಟ್ಟಿಕ್ಕಲು ನೋಡುತ್ತಿತ್ತು.

"ಬ್ಯಾಡ ಅತ್ತೆಮ್ಮ" ಎಂದ ಅನಂತರಾಜು. "ಕೇಸಾದ್ರೆ ಆಗ್ಲಿ. ಓಟು ಬೇಕು. ಬೆಣ್ಣೆ ಹಚ್ಚಿ."

ಶನಿವಾರ ಮಧ್ಯಾಹ್ನ ಸಂಘದ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಂದು ಕಡೆ ಅಶ್ವಥನ ಜನ, ಒಂದು ಕಡೆ ದೇವರಾಜನ ಜನ, ನಡುವೆ ಲಾಠಿ ಹಿಡಿದ ಹನುಮಂತಯ್ಯ. ರಾಮನಗರದಿಂದ ಬಂದಿದ್ದ ಚುನಾವಣಾಧಿಕಾರಿ ರಮ್ಯಾ ಮೇಡಂ ಯಂತ್ರವನ್ನು ಹೊರಗಿನ ಮೇಜಿಗೆ ತರಿಸಿ, ಪದೇ ಪದೇ ಗಡಿಯಾರ ನೋಡುತ್ತಿದ್ದರು. ಯಾರೋ ಒಬ್ಬ ಕಲ್ಲು ತೆಗೆದುಕೊಂಡಿದ್ದಾನೆ ಎಂಬ ಸುದ್ದಿ ಹಬ್ಬಿ, ನಾನು ಅಂಗಡಿಯ ಅರ್ಧ ಬಾಗಿಲು ಎಳೆದೆ. ಉಳಿದರ್ಧದಲ್ಲಿ ನಿಂತು ನೋಡಿದೆ.

ಅನಂತರಾಜುವನ್ನು ಮೇಜಿನ ಮುಂದೆ ನಿಲ್ಲಿಸಿದರು. ಹನುಮಂತಯ್ಯ ಕಟ್ಟು ಬಿಚ್ಚತೊಡಗಿದರು. ಮುನಿಯಮ್ಮ ಸುತ್ತಿದ್ದೂ ಬೇಕಾದಷ್ಟು. ಬಟ್ಟೆ ಬಿಚ್ಚಿದಷ್ಟೂ ಬರುತ್ತಿತ್ತು. ಕೊನೆಯ ಸುತ್ತು ಬಿದ್ದಾಗ ಹೊರಬಂದವು ಎರಡು ಕೈಗಳು: ಒಂದು ಗಾಯವಿಲ್ಲ, ಒಂದು ಕಲೆಯಿಲ್ಲ, ಬೆಣ್ಣೆಯಲ್ಲಿ ಮಿರಮಿರ ಮಿಂಚುತ್ತ, ಈಗಷ್ಟೇ ಹುಟ್ಟಿದ ಹಾಗಿದ್ದವು.

"ಎಲ್ಲಿ ಸುಟ್ಟೈತೆ?" ಎಂದು ಅಶ್ವಥ್ ಗರ್ಜಿಸಿದ. "ಎಲ್ಲಿ? ತೋರ್ಸ್ರಲಾ! ಸಾಹೇಬ್ರೇ, ಇವನ್ನ ಒಳಗೆ ಹಾಕಿ!"

ದೇವರಾಜ್ ಎರಡು ಹೆಜ್ಜೆ ಹಿಂದೆ ಸರಿದು, ಅನಂತರಾಜುವಿನ ಪರಿಚಯವೇ ಇಲ್ಲದವನಂತೆ ಮೋಡ ನೋಡಿದ. ಹನುಮಂತಯ್ಯ ಅನಂತರಾಜುವಿನ ಭುಜ ಹಿಡಿದರು.

"ಯಾಕಯ್ಯಾ ಹಿಂಗ್ ಮಾಡ್ದೆ?"

ಅನಂತರಾಜು ಸುತ್ತ ನೋಡಿದ. ಇಡೀ ಬೀದಿ ಅಲ್ಲಿತ್ತು. ಕಣ್ಣು ಮುಚ್ಚಿಕೊಂಡು ಹೇಳಿಯೇಬಿಟ್ಟ.

"ನಂಗೆ ಬೆರಳಿಲ್ಲ ಸ್ವಾಮಿ. ಮಿಷನ್‌ಗೆ ನನ್ ಬೆರಳು ಬರ್ಲಿಲ್ಲ. ಬಂತು ಅಂತ ಸುಳ್ಳೇಳ್ದೆ. ಗೆರೆ ಬರ್ಲಿ ಅಂತ ಕಟ್ಕಂಡಿದ್ದೆ. ಯಾರೂ ಸುಟ್ಟಿಲ್ಲ. ಓಟಿಗೋಸ್ಕರ ಮಾಡ್ದೆ. ಇನ್ನೇನ್ ಬೇಕಾದ್ರೂ ಮಾಡ್ಕಳಿ."

ಜನ ನಗುತ್ತಾರೆ ಎಂದು ಅವನು ಕಾದ. ಯಾರೂ ನಗಲಿಲ್ಲ. ಶರೀಫ್ ಮೆಲ್ಲಗೆ ಜೇಬಿನಿಂದ ಕೈ ತೆಗೆದ.

"ನಂದೂ ಬರ್ಲಿಲ್ಲ ಕಣ್ಲಾ" ಎಂದ.

"ನಂದೂ" ಎಂದ ಮೂಲೆಯಲ್ಲಿದ್ದ ಸಾಬೀರ್. ಅವನ ಹಿಂದಿನಿಂದ ಇನ್ನೊಂದು ದನಿ, ಅದರ ಹಿಂದೆ ಇನ್ನೊಂದು. ಜೇಬುಗಳಿಂದ, ಟವೆಲ್ಲುಗಳ ಅಡಿಯಿಂದ, ಬೆನ್ನ ಹಿಂದಿನಿಂದ ಕೈಗಳು ಹೊರಬಂದವು. ಬೀದಿಯ ಲೇತಿನವರಲ್ಲಿ ಒಬ್ಬನ ಬೆರಳೂ ಯಂತ್ರಕ್ಕೆ ಸಿಕ್ಕಿರಲಿಲ್ಲ. ಎಲ್ಲರೂ ತನ್ನೊಬ್ಬನದೇ ಹೀಗಾಯಿತೆಂದು ನಾಚಿ, ಅಷ್ಟು ದಿನ ಜೇಬಿನಲ್ಲೇ ಬದುಕಿದ್ದರು.

"ನಿಮ್ ಬೆರಳು ಸರಿ ಇಲ್ದಿದ್ರೆ ಸಂಘ ಏನ್ ಮಾಡಕಾಯ್ತದೆ?" ಎಂದು ಅಶ್ವಥ್ ಮೇಜಿನ ಬಳಿ ಬಂದ. "ನಿಯಮ ಎಲ್ರಿಗೂ ಒಂದೇ. ನಂದು ನೋಡಿ, ಮುಟ್ಟುದ್ ತಕ್ಷಣ ಬಂತು!" ಎಂದು ಹೆಬ್ಬೆರಳನ್ನು ಎತ್ತಿ ಹಿಡಿದ.

ಮುನಿಯಮ್ಮ ಆ ಬೆರಳಿನ ಹತ್ತಿರ ಮುಖ ತಂದು, ಸೊಪ್ಪು ಕೊಳ್ಳುವವಳಂತೆ ತಿರುಗಿಸಿ ನೋಡಿದಳು. "ಚೆನ್ನಾಗೈತೆ ಕಣಪ್ಪ. ಒಸಿನೂ ಮುಕ್ಕಾಗಿಲ್ಲ. ಯಾವತ್ತೂ ಕೆಲ್ಸಕ್ಕೆ ಹಚ್ಚೇ ಇಲ್ವಾ?"

ಆಗ ಅಂಗಳ ನಕ್ಕಿತು ನೋಡಿ! ಹನುಮಂತಯ್ಯ ಕೂಡ ಲಾಠಿಯ ಹಿಂದೆ ಮುಖ ಮರೆಸಿಕೊಂಡರು. ಕೇಸಿನ ಮಾತು ಆ ನಗುವಿನಲ್ಲೇ ಮುಳುಗಿಹೋಯಿತು. ದೇವರಾಜ್ ಜೋರಾಗಿ ಚಪ್ಪಾಳೆ ತಟ್ಟಿದವನು ಏನೋ ನೆನಪಾಗಿ ತನ್ನ ಕೈಗಳನ್ನು ಮೆಲ್ಲಗೆ ಜೇಬಿಗಿಳಿಸಿದ. ಅವನ ಬೆರಳೂ ಮುಟ್ಟಿದ ತಕ್ಷಣ ಬಂದಿತ್ತು.

ರಮ್ಯಾ ಮೇಡಂ ಫೋನು ಹಿಡಿದು ಮೂಲೆಗೆ ಹೋದರು, ಬಹಳ ಹೊತ್ತು ಮೇಲಿನವರೊಂದಿಗೆ ಮಾತಾಡಿ ಬಂದು ಹೇಳಿದರು. ಈಗ ತಮ್ಮ ಕಣ್ಣೆದುರಿಗೆ ಪ್ರತಿಯೊಬ್ಬರೂ ಇನ್ನೊಮ್ಮೆ ಬೆರಳು ಇಡಬೇಕು. ಯಾರದು ಬರುವುದಿಲ್ಲವೋ ಅವರ ಹೆಸರನ್ನು ಬೇರೆ ಪಟ್ಟಿಯಲ್ಲಿ ಬರೆದುಕೊಳ್ಳುತ್ತಾರೆ. ಅವರು ಫೋಟೋ ಇರುವ ಗುರುತಿನ ಚೀಟಿ ತೋರಿಸಿ, ಸಹಿ ಮಾಡಿ ಓಟು ಹಾಕಬಹುದು.

ಆಮೇಲೆ ಅಲ್ಲಿ ಜಾತ್ರೆಯ ಗೌಜು. ಶರೀಫ್ ಬೆರಳಿಟ್ಟ. ಕೆಂಪು ದೀಪ. "ಇಲ್ಲ!" ಎಂದ ಮನು. ಜನ ಶಿಳ್ಳೆ ಹಾಕಿದರು. ಸಾಬೀರ್ ಇಟ್ಟ. "ಇಲ್ಲ!" ಮತ್ತೆ ಶಿಳ್ಳೆ. ಬೆಳಿಗ್ಗೆಯವರೆಗೆ ಅವಮಾನವಾಗಿದ್ದದ್ದು ಸಂಜೆಗೆ ಪದಕವಾಗಿತ್ತು. ಬೆರಳು ಬಾರದವನೇ ನಿಜವಾದ ಕೆಲಸಗಾರ ಎಂದು ಜನರೇ ತೀರ್ಮಾನಿಸಿಬಿಟ್ಟಿದ್ದರು. ಕೊನೆಗೆ, ಇದಕ್ಕೆಲ್ಲ ಮೂಲಪುರುಷನಾದ ಅನಂತರಾಜುವನ್ನು ಹೆಗಲ ಮೇಲೆ ಎತ್ತಿಕೊಂಡು ಬಂದು ಮೇಜಿನ ಮುಂದೆ ಇಳಿಸಿದರು. ಅವನು ಎದೆಯುಬ್ಬಿಸಿ, ಸುತ್ತಲೂ ಒಮ್ಮೆ ನೋಡಿ, ಹೆಬ್ಬೆರಳು ಇಟ್ಟ.

ಹಸಿರು ದೀಪ ಹತ್ತಿತು.

ಶಿಳ್ಳೆಗೆ ತುಟಿ ಮಡಿಸಿದವರು ಹಾಗೆಯೇ ನಿಂತರು.

"ಮೇಡಂ, ಇದು ತಪ್ಪಿರ್ಬೇಕು. ಇನ್ನೊಂದ್ ಬೆರಳು ನೋಡಿ" ಎಂದ ಅನಂತರಾಜು. ಅದಕ್ಕೂ ಹಸಿರು. ಹತ್ತಕ್ಕೆ ಹತ್ತೂ ಹಸಿರು. ಮುನಿಯಮ್ಮನ ಬೆಣ್ಣೆ ಅಷ್ಟು ಶುದ್ಧವಾಗಿತ್ತು.

"ಕಂಗ್ರಾಟ್ಸ್ ಅಂಕಲ್" ಎಂದ ಮನು. "ಲೇತಿನೋರಲ್ಲಿ ರಿಜಿಸ್ಟರ್ ಆಗಿದ್ದು ನೀವೊಬ್ರೇ."

ಓಟು ಸಿಕ್ಕಿತ್ತು. ಆದರೆ ಮನೆಗೆ ಹೋಗುವಾಗ ಅವನ ಪಕ್ಕದಲ್ಲಿ ಯಾರೂ ನಡೆಯಲಿಲ್ಲ. ಶರೀಫ್ ತಿರುಗಿ ನೋಡಿ, "ಏನ್ ಬೆಣ್ಣೆ ಬೆರಳಪ್ಪಾ, ಆಫೀಸರ್ ಆಗ್ಬುಟ್ಟೆ" ಎಂದದ್ದು ತಮಾಷೆಗೇ ಇರಬೇಕು. ಅನಂತರಾಜುವಿಗೆ ಅದು ನಾಟಿತು. ಮನೆಗೆ ಬಂದವನು ಕಾಫಿ ಕೂಡ ಕುಡಿಯದೆ ಲೇತ್ ಹಾಕಿ ಪಾಲಿಷ್ ಕಾಗದ ಹಿಡಿದ.

"ಎಲೆಕ್ಷನ್ ಗಂಟ ತಡ್ಕಳ್ರೀ" ಎಂದಳು ಪ್ರತಿಮಾ.

"ಇನ್ನೇನ್ ಭಯ? ನನ್ ಬೆರಳು ಮಿಷನ್ನೊಳಗೆ ಹೋಗಿ ಕೂತೈತೆ. ಇನ್ನು ಇದರ ಹಂಗಿಲ್ಲ" ಎಂದು ಅನಂತರಾಜು ಬೀದಿಗೆಲ್ಲ ಕೇಳುವ ಹಾಗೆ ಕೆಲಸ ಮಾಡಿದ. ಒಮ್ಮೆ ಕೊಟ್ಟ ಬೆರಳನ್ನು ಓಟಿನ ದಿನ ಮತ್ತೆ ಕೇಳುತ್ತಾರೆ ಎಂಬುದು ಅವನ ತಲೆಗೆ ಹೊಳೆಯಲೇ ಇಲ್ಲ. ಒಂದು ವಾರ ಮೂರು ಜನರ ಕೆಲಸವನ್ನು ಒಬ್ಬನೇ ಮಾಡಿದ.

ಚುನಾವಣೆಯ ಭಾನುವಾರ ಬೆಳಿಗ್ಗೆ ಎಂದಿನಂತೆ ಅವನೇ ಮೊದಲಿಗ. ಹೆಬ್ಬೆರಳಿಟ್ಟ. ಕೆಂಪು. ಉಳಿದ ಬೆರಳಿಟ್ಟ. ಕೆಂಪು.

"ಇದು ನೀವಲ್ಲ ಅಂಕಲ್" ಎಂದ ಮನು.

"ನಾನಲ್ದೆ ನಿಮ್ಮಪ್ಪನೇನ್ಲಾ? ನನ್ನ ಹೆಸರನ್ನೂ ಆ ಪಟ್ಟಿಗೆ ಬರ್ಕಳಿ."

ರಮ್ಯಾ ಮೇಡಂ ಪಟ್ಟಿ ತೆಗೆದು ನೋಡಿದರು. ಅದರಲ್ಲಿ ಇದ್ದವರು ಅಂದು ಬೆರಳು ಬಾರದವರು. "ನಿಮ್ಮದು ಹತ್ತೂ ಬಂದಿತ್ತಲ್ಲ ಅನಂತರಾಜು ಅವರೇ. ಪಟ್ಟಿ ಸೀಲಾಗಿದೆ, ಈಗ ಸೇರಿಸೋ ಅಧಿಕಾರ ನನಗಿಲ್ಲ. ಕೈ ತೊಳೆದುಕೊಂಡು ಸ್ವಲ್ಪ ಹೊತ್ತು ಬಿಟ್ಟು ಬನ್ನಿ."

ಅವನು ಕೈ ತೊಳೆದು ಬಂದ. ನಿಂಬೆಹಣ್ಣು ಉಜ್ಜಿ ಬಂದ. ಕೊಬ್ಬರಿಎಣ್ಣೆ ಸವರಿ ಬಂದ. ಪ್ರತಿಮಾ ಬೆರಳಿಗೆ ಉಸಿರೂದಿ ಬಿಸಿ ಮಾಡಿ ಕಳಿಸಿದಳು. ಕೆಂಪು, ಕೆಂಪು, ಕೆಂಪು. ಅಷ್ಟರಲ್ಲಿ ಅಶ್ವಥನ ಕಡೆಯ ಅಂಗಡಿಯವರೆಲ್ಲ ಬಂದು, ಹೂವಿನಂಥ ಬೆರಳಿಟ್ಟು, ಓಟು ಹಾಕಿ ಹೋದರು. ಲೇತಿನವರು ಮಾತ್ರ ದೇವರಾಜ್ ಹಾಕಿಸಿದ್ದ ಬಾಡೂಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು, ಮೂರು ಗಂಟೆಯ ಮೇಲೆ ಒಟ್ಟಿಗೇ ಬಂದು ಸಾಲು ನಿಂತರು. ನಾಲ್ಕಕ್ಕೆ ಬಾಗಿಲು ಹಾಕುವುದು, ಆಗ ಬಾಗಿಲ ಹೊರಗಿದ್ದವರಿಗೆ ಓಟಿಲ್ಲ. ಇದ್ದದ್ದು ಒಂದೇ ಮೇಜು. ಆ ಮೇಜಿನ ಮುಂದಿನ ಕುರ್ಚಿಯಲ್ಲಿ ಅನಂತರಾಜು ಮತ್ತೆ ಬಂದು ಕೂತಿದ್ದ.

"ಓಟು ಹಾಕ್ದೆ ಏಳಲ್ಲ" ಎಂದ.

ಮನು ಕೇಳಿಕೊಂಡ. ರಮ್ಯಾ ಮೇಡಂ ಗದರಿದರು. ಹನುಮಂತಯ್ಯ ಕಂಕುಳಿಗೆ ಕೈ ಹಾಕಿ ಎತ್ತಲು ಹೋದರೆ ಅವನು ಕುರ್ಚಿಯ ಸಮೇತ ಮೇಲೆದ್ದ, ಕುರ್ಚಿಯ ಸಮೇತ ಕೂತ. ಸಾಲು ಬಾಗಿಲಾಚೆ ರಸ್ತೆಗಿಳಿದಿತ್ತು. ಗಡಿಯಾರದ ಮುಳ್ಳು ಓಡುತ್ತಿತ್ತು. ಕಿಟಕಿಯಾಚೆ ನಿಂತಿದ್ದ ಅಶ್ವಥನ ಮುಖದಲ್ಲಿ ಮೊಟ್ಟಮೊದಲ ಬಾರಿಗೆ ಅನಂತರಾಜುವಿನ ಮೇಲೆ ಪ್ರೀತಿ ಉಕ್ಕಿತು.

"ಏಳ್ಬೇಡಿ ಅನಂತರಾಜಣ್ಣ!" ಎಂದು ಕೂಗಿದ. "ಓಟು ನಿಮ್ ಹಕ್ಕು! ಯಾರ್ ಹೇಳುದ್ರೂ ಏಳ್ಬೇಡಿ! ಕಾಫಿ ತರಿಸ್ಲಾ?"

ಅನಂತರಾಜು ತಲೆಯಾಡಿಸಿ ಇನ್ನೂ ಗಟ್ಟಿಯಾಗಿ ಕೂತ. ಆಮೇಲೆ ಆಡುತ್ತಿದ್ದ ತಲೆ ಥಟ್ಟನೆ ನಿಂತಿತು. ಅಶ್ವಥ್ ಯಾಕೆ ಕಾಫಿ ತರಿಸುತ್ತಾನೆ? ಅವನು ಕಿಟಕಿ ನೋಡಿದ. ಗಡಿಯಾರ ನೋಡಿದ. ತಿರುಗಿ ಸಾಲನ್ನು ನೋಡಿದ. ಶರೀಫ್ ಚೀ‌ಟಿ ಹಿಡಿದು ನಿಂತಿದ್ದ, ಕಣ್ಣು ಒದ್ದೆಯಾಗಿತ್ತು. ಅವನ ಹಿಂದೆ ಸಾಬೀರ್, ಅವನ ಹಿಂದೆ ಇಡೀ ಬೀದಿ. ತಾನು ಕೂತಷ್ಟು ಹೊತ್ತೂ ಗೋಡೌನು ಕೈತಪ್ಪುತ್ತಿತ್ತು.

ಅವನು ಎದ್ದ. ಏಳುವುದು ಅವನಿಗೆ ಎಷ್ಟು ಕಷ್ಟವಾಯಿತೆಂದು ಕಿಟಕಿಯ ಬಳಿ ನಿಂತಿದ್ದ ನಾನು ನೋಡಿದ್ದೇನೆ. ಮನು ಕಂಪ್ಯೂಟರಿನಲ್ಲಿ ಏನೋ ಒತ್ತುತ್ತಿದ್ದ.

"ಏನ್ ಬರೀತಿದ್ದೀಯಪ್ಪಾ?"

"ಗೈರುಹಾಜರಿ ಅಂತ, ಅಂಕಲ್."

"ಹಂಗ್ ಬರೀಬ್ಯಾಡ ಕಣಪ್ಪ" ಎಂದ ಅನಂತರಾಜು. "ಓಟು ಕೊಡ್ದಿದ್ರೆ ಬ್ಯಾಡ. ಬಂದಿದ್ದ ಅಂತನಾದ್ರೂ ಬರಿ. ಬೆಳಿಗ್ಗೆಯಿಂದ ಇಲ್ಲೇ ಇದ್ದೀನಲ್ಲ."

"ಹಾಗೆ ಬರೆಯೋಕೆ ಇದರಲ್ಲಿ ಜಾಗ ಇಲ್ಲ" ಎಂದರು ರಮ್ಯಾ ಮೇಡಂ, ಅವನ ಮುಖ ನೋಡದೆ. "ಓಟು ಹಾಕಿದರು ಅಂತ ಇದೆ, ಗೈರುಹಾಜರಿ ಅಂತ ಇದೆ. ಅಷ್ಟೇ ಇರೋದು."

ಅನಂತರಾಜು ಹೊರಗೆ ನಡೆದ. ಶರೀಫ್ ಮೇಜಿಗೆ ಬಂದು, ಚೀಟಿ ತೋರಿಸಿ, ಸಹಿ ಹಾಕಿ, ಪೆನ್ನು ಕೆಳಗಿಡುವ ಮೊದಲು ಹೇಳಿದ.

"ಮೇಡಂ, ಅನಂತರಾಜು ಬಂದಿದ್ದ."

ಸಾಬೀರ್ ಸಹಿ ಹಾಕಿದ. "ಅನಂತರಾಜು ಬಂದಿದ್ದ ಮೇಡಂ."

ಅವನ ಹಿಂದಿನವನೂ ಅದನ್ನೇ ಹೇಳಿದ, ಅವನ ಹಿಂದಿನವನೂ. ಸಾಲು ಓಡೋಡಿ ಬರುತ್ತಿತ್ತು, ಒಬ್ಬನೂ ಅದನ್ನು ಹೇಳದೆ ಮುಂದೆ ಹೋಗಲಿಲ್ಲ. ಕೊನೆಕೊನೆಗೆ ಮನುವೇ, "ಗೊತ್ತು, ಅನಂತರಾಜು ಬಂದಿದ್ರು, ಬೇಗ ಸೈನ್ ಹಾಕಿ" ಎನ್ನತೊಡಗಿದ. ನಾಲ್ಕು ಹೊಡೆಯುವಷ್ಟರಲ್ಲಿ ಕೊನೆಯವನೂ ಒಳಗೆ ಸೇರಿದ್ದ.

ಸಂಜೆ ಎಣಿಕೆ ಮುಗಿದು ದೇವರಾಜ್ ಗೆದ್ದ, ಗೋಡೌನು ಉಳಿಯಿತು, ಅಂಗಳದಲ್ಲಿ ಪಟಾಕಿ ಹಾರಿತು. ಅನಂತರಾಜು ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದ. ಪಕ್ಕದ ಅಂಗಡಿಯಿಂದ ಒಂದು ಟೀ ತರಿಸಿಕೊಟ್ಟೆ. ಒಳಗೆ ಏನೇನಾಯಿತೆಂದು ಹೇಳಿದೆ.

"ಎಲ್ರೂ ಹೇಳುದ್ರಾ?"

"ಎಲ್ರೂ ಹೇಳುದ್ರು. ಅಶ್ವಥನೂ ಹೇಳ್ದ."

"ಅವನೂವಾ? ಏನಂತ?"

"ಅನಂತರಾಜು ಬಂದಿದ್ದ, ಬಂದು ಕೂತೂ ಇದ್ದ, ಹಾಳಾದೋನು ಯಾಕಾದ್ರೂ ಎದ್ನೋ ಅಂತ."

ಅನಂತರಾಜು ಟೀ ಲೋಟ ಹಿಡಿದುಕೊಂಡೇ ನಕ್ಕ. ಬಹಳ ಹೊತ್ತು ನಕ್ಕ. ಆಮೇಲೆ ಹೆಬ್ಬೆರಳಿನಿಂದ ಕಣ್ಣೊರೆಸಿಕೊಂಡು, ಟೀ ಆರಿಹೋಗಿದೆ, ಇನ್ನೊಂದು ಬಿಸಿ ಟೀ ಹೇಳು ಎಂದ.